ಫೋನ್ ಮಾಡ್ಕೊಂಡು ಬಾ ಅಮ್ಮ

ಎಲ್ಲರಿಗೂ ನಮಸ್ಕಾರ. ಇಪ್ಪತ್ತು ನಿಮಿಷ ಅಂತ ಹೇಳಿದ್ದರು, ಈಗ ಹತ್ತೇ ಅಂತಿದ್ದಾರೆ. ಇರಲಿ, ಊಟ ತಣ್ಣಗಾಗಬಾರದು.

ಇಲ್ಲಿ ಕೂತಿರೋರು ಜಾಸ್ತಿ ಬುದ್ಧಿ ಬೆಳವಣಿಗೆ ನಿಧಾನ ಇರೋ ಮಕ್ಕಳ ಅಪ್ಪ ಅಮ್ಮಂದಿರು. ಪ್ರತಿ ಸಭೆಯಲ್ಲೂ ಒಂದೇ ಪ್ರಶ್ನೆ: ನಾವು ಹೋದ ಮೇಲೆ ಇವನ ಗತಿ ಏನು? ನಾನು ಕೇಳೋದು ಬೇರೆ. ನಾವು ಇರುವಾಗಲೇ ಇವನು ಯಾಕೆ ಬೇರೆ ಮನೆ ಮಾಡಬಾರದು? ಎಪ್ಪತ್ತೈದರ ತಾಯಿ ತೀರಿಕೊಂಡ ದಿನ ನಲವತ್ತೈದರ ಮಗನಿಗೆ ಅಮ್ಮ, ಮನೆ, ಬೆಳಗಿನ ಕಾಫಿ ಎಲ್ಲ ಒಟ್ಟಿಗೇ ಹೋಗುತ್ತವೆ. ಆ ವಾರವೇ ಅವನನ್ನು ಗುರುತಿಲ್ಲದ ಜಾಗಕ್ಕೆ ಕಳಿಸುತ್ತೀವಿ, ಆಮೇಲೆ 'ಹೊಂದಿಕೊಳ್ಳಲ್ಲ' ಅಂತ ಅವನ ಮೇಲೇ ದೂರು.

ನನ್ನ ತಮ್ಮನ ವಿಷಯ ನಿಮಗೆ ಗೊತ್ತು. ಬುದ್ಧಿ ಬೆಳವಣಿಗೆ ನಿಧಾನ, ವಯಸ್ಸು 34. ಮೈಸೂರಲ್ಲಿ ಒಬ್ಬ ಗೆಳೆಯನ ಜೊತೆ ಬಾಡಿಗೆ ಮನೆಯಲ್ಲಿದ್ದಾನೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸಹಾಯಕ್ಕೆ ಒಬ್ಬರು ಬರುತ್ತಾರೆ. ಆ ಮನೆ ಸಿಗೋಕೆ ಮುಂಚೆ 11 ಓನರ್‌ಗಳು ಇಲ್ಲ ಅಂದರು. ಒಬ್ಬರಂತೂ 'ಸಸ್ಯಾಹಾರಿಗಳಾ?' ಅಂತ ಕೇಳಿ, ಹೌದು ಅಂದ ಮೇಲೂ ಇಲ್ಲ ಅಂದರು!

ಮೊದಲನೇ ವಾರ ಹಾಲು ಉಕ್ಕಿ, ಪಾತ್ರೆ ಸೀದುಹೋಯಿತು. ಅವನೇ ಗ್ಯಾಸ್ ಆರಿಸಿ, ಕಿಟಕಿ ತೆಗೆದು, ಅಮ್ಮನಿಗೆ ಫೋನ್ ಮಾಡಿ ಹೇಳಿದ. ಹೇಳಿದ್ದೇ ತಪ್ಪಾಯಿತು. ಅಮ್ಮ ಹಾಸನದಿಂದ ಸಿಕ್ಕಿದ ಬಸ್ ಹತ್ತಿದರು. ಮೂರು ಗಂಟೆ ದಾರಿ, ಕೈಯಲ್ಲಿ ಹೊಸ ಪಾತ್ರೆ, ಚೀಲದಲ್ಲಿ ಅವನ ಬಟ್ಟೆ ತುಂಬಿಕೊಂಡು ವಾಪಸ್ ಕರೆತರುವ ಪ್ಲಾನು. ಬಾಗಿಲು ತಟ್ಟಿದರೆ ಇವನು ತೆಂಗಿನ ನಾರು ಹಿಡಿದುಕೊಂಡೇ ಬಂದ, ಮೊಣಕೈವರೆಗೂ ಮಸಿ. ಅಮ್ಮನ ಮುಖ ನೋಡಿದ, ಚೀಲ ನೋಡಿದ. 'ಫೋನ್ ಮಾಡ್ಕೊಂಡು ಬರಬಾರದಾ ಅಮ್ಮ?' ಅಂದ. ನಗಬೇಡಿ, ಅಮ್ಮ ಅವತ್ತು ನಿಜವಾಗಲೂ ಅತ್ತರು. ಆಮೇಲೆ ಅವನೇ ಕಾಫಿ ಮಾಡಿಕೊಟ್ಟ, ಸಕ್ಕರೆ ಜಾಸ್ತಿ ಹಾಕಿ.

'ಸ್ವತಂತ್ರ ಅಂತೀರಿ, ಸಹಾಯಕ್ಕೆ ಜನ ಬೇಕಲ್ವಾ?' ಅಂತ ಕೇಳುತ್ತಾರೆ. ಬೇಕು. ನನಗೂ ಇನ್‌ಕಮ್ ಟ್ಯಾಕ್ಸ್ ತುಂಬೋಕೆ ಆಡಿಟರ್ ಬೇಕು. ಹಾಗಂತ ನನ್ನನ್ನು ಯಾರೂ ಆಶ್ರಮಕ್ಕೆ ಸೇರಿಸಿಲ್ಲ.

ಕಾನೂನು ಎರಡೇ ಮಾತು, ಟೈಮ್ ಆಯ್ತು ಅಂತ ಚೀಟಿ ಬರ್ತಾ ಇದೆ. ಎಲ್ಲಿ, ಯಾರ ಜೊತೆ ಇರಬೇಕು ಅನ್ನೋದನ್ನು ಅಂಗವಿಕಲರೇ ಆರಿಸಿಕೊಳ್ಳಬಹುದು ಅನ್ನುವ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 2007ರಲ್ಲೇ ಒಪ್ಪಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ನೂ ಸಮುದಾಯದಲ್ಲಿ ಬದುಕುವ ಹಕ್ಕು ಕೊಡುತ್ತದೆ. ಮಕ್ಕಳಿಗೆ 18 ತುಂಬಿದ ಮೇಲೆ ನಾವು ತಾನಾಗಿಯೇ ಗಾರ್ಡಿಯನ್, ಅಂದರೆ ಕಾನೂನಿನ ಪ್ರಕಾರ ಅವರ ಪರವಾಗಿ ನಿರ್ಧಾರ ಮಾಡೋರು, ಅಲ್ಲ. ಬೇಕಿದ್ದರೆ ಇಂಥವರಿಗಾಗಿ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಜಿಲ್ಲೆಯ ಸಮಿತಿಗೆ ಅರ್ಜಿ ಹಾಕಬೇಕು. ಆದರೆ ಅರ್ಜಿ ಬರೆಯೋಕೆ ಮುಂಚೆ ನಿಜವಾಗಲೂ ಬೇಕಾ, ಎಷ್ಟಕ್ಕೆ ಬೇಕು ಅಂತ ಯೋಚಿಸಿ. ಒಂದು ಬ್ಯಾಂಕಿನಲ್ಲಿ ತಮ್ಮ ಎದುರಿಗೇ ನಿಂತಿದ್ದ, ಅವರು ನನ್ನನ್ನು ಕೇಳಿದರು, 'ಇವರಿಗೆ ಸಹಿ ಬರುತ್ತಾ?' ಅಂತ. ಬರುತ್ತೆ, ನನ್ನದಕ್ಕಿಂತ ಚೆನ್ನಾಗಿ.

ದುಡ್ಡಿನ ಲೆಕ್ಕ, ಪಕ್ಕದ ಮನೆಯವರು, ಮದುವೆ ಎಲ್ಲ ಹೇಳಬೇಕಿತ್ತು, ಊಟದ ಹೊತ್ತಲ್ಲಿ ಹಿಡಿದು ಕೇಳಿ. ಮಕ್ಕಳನ್ನು ಮೊದಲು ಒಂದು ರಾತ್ರಿ, ಆಮೇಲೆ ಒಂದು ವಾರ ಬೇರೆ ಇರೋಕೆ ಬಿಟ್ಟು ನೋಡಿ. ನೀವು ಗಟ್ಟಿಯಾಗಿ ಇರುವಾಗಲೇ.

ಅಮ್ಮ ಈಗ ಫೋನ್ ಮಾಡಿಯೇ ಹೋಗೋದು. ಹೋದ ಭಾನುವಾರ ಕೇಳಿದ್ದಕ್ಕೆ, ಮ್ಯಾಚ್ ಇದೆ, ಸೋಮವಾರ ಬಾ ಅಂದನಂತೆ.