ಗೋಡೌನಿನ ಮೂಲೆಯ ಹಳೇ ಡಬ್ಬ

ಕೇಳುಗರಿಗೆ ನಮಸ್ಕಾರ. ಮೂಡಿಗೆರೆ, ಸಕಲೇಶಪುರದ ಕಡೆ ತೋಟ ಇರುವವರು ನಿಮ್ಮ ಹಳೇ ಗೋಡೌನನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮೊನ್ನೆ ನಮ್ಮದನ್ನು ಖಾಲಿ ಮಾಡುವಾಗ ಮೂಲೆಯಲ್ಲಿ ತುಕ್ಕು ಹಿಡಿದ ಡಬ್ಬವೊಂದು ಸಿಕ್ಕಿತು. ಮೇಲಿನ ಚೀಟಿಯನ್ನು ಗೆದ್ದಲು ತಿಂದಿತ್ತು. ಮುಚ್ಚಳ ಸ್ವಲ್ಪ ಸಡಿಲಿಸಿದ್ದೇ ತಡ, ಆ ಮುಗ್ಗಲು ವಾಸನೆಗೇ ಗೊತ್ತಾಯಿತು. ಬಿಎಚ್‌ಸಿ ಪುಡಿ, ಹಿಂದೆ ತೋಟಕ್ಕೆ ಬಳಸುತ್ತಿದ್ದ ಹುಳದ ಔಷಧಿ.

ಅರೇಬಿಕಾ ಕಾಫಿ ಬೆಳೆದವರಿಗೆ ಇದರ ಪರಿಚಯ ಬೇಕಿಲ್ಲ. ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳದ ಕಾಟಕ್ಕೆ ಅಪ್ಪ ಇದನ್ನು ನೀರಲ್ಲಿ ಕಲಸಿ, ಬಟ್ಟೆ ಅದ್ದಿ, ಬರಿಗೈಯಲ್ಲೇ ಕಾಂಡಕ್ಕೆ ಬಳಿಯುತ್ತಿದ್ದರು. ಮಧ್ಯಾಹ್ನ ಅದೇ ಕೈ ತೊಳೆದು ಬುತ್ತಿ ಬಿಚ್ಚುತ್ತಿದ್ದರು. ಅವತ್ತು ಅವರಿಗೆ ಯಾರು ಹೇಳಿದ್ದರು?

ಈ ಪುಡಿಯ ಒಳಗುಟ್ಟು ಕೇಳಿದರೆ ಸಂಕಟ ಆಗುತ್ತದೆ. ಬೆಂಜೀನಿಗೆ ಕ್ಲೋರಿನ್ ಸೇರಿಸಿ ಇದನ್ನು ಮಾಡುತ್ತಿದ್ದರು. ಹುಳ ಕೊಲ್ಲುವ ಭಾಗ, ಅಂದರೆ ಲಿಂಡೇನ್, ಅದರಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಾತ್ರ. ಮಿಕ್ಕಿದ್ದು ಕೆಲಸಕ್ಕೆ ಬಾರದ ವಿಷ. ಬರೀ ಲಿಂಡೇನ್ ಬೇಕೆಂದು ಬೇರ್ಪಡಿಸಿದರೆ ಒಂದು ಟನ್ನಿಗೆ 8ರಿಂದ 12 ಟನ್ ಕಸ! ಕಾರ್ಖಾನೆಗಳ ಹಿಂದೆ ಸುರಿದ ಆ ಕಸ ಇವತ್ತಿಗೂ ಹಲವು ದೇಶಗಳಲ್ಲಿ ಹಾಗೇ ಬಿದ್ದಿದೆ.

ಸುಲಭಕ್ಕೆ ಕೊಳೆಯದ ವಸ್ತು ಇದು. ಕೊಬ್ಬು ಕಂಡರೆ ಹೋಗಿ ಸೇರಿಕೊಳ್ಳುತ್ತದೆ. ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಅಲ್ಲಿಂದ ಹಾಲಿನ ಕೆನೆಗೆ. ತಾಯಂದಿರ ಎದೆಹಾಲಿನಲ್ಲೂ ಸಿಕ್ಕಿದೆ. ಆವಿಯಾಗಿ, ಗಾಳಿ ಹಿಡಿದು, ಉತ್ತರ ಧ್ರುವದ ಸೀಲ್ ಪ್ರಾಣಿಗಳ ಮೈಗೂ ಸೇರಿದೆ. ಅಲ್ಲಿ ಒಂದು ಗಿಡಕ್ಕಾದರೂ ಯಾರಾದರೂ ಇದನ್ನು ಬಳಿದಿದ್ದರಾ?

ನಮ್ಮ ದೇಶದಲ್ಲಿ 1997ರಲ್ಲಿ ಬಿಎಚ್‌ಸಿ ನಿಷೇಧವಾಯಿತು. ಲಿಂಡೇನ್ ಬಳಕೆ ನಿಂತಿದ್ದು 2013ರಲ್ಲಿ. ಅಂಗಡಿಯಿಂದ ಹೋಯಿತು, ಸರಿ. ಗೋಡೌನಿನಿಂದ?

ದಯವಿಟ್ಟು ಹಳ್ಳಕ್ಕೆ ಎಸೆಯಬೇಡಿ. ನಮ್ಮ ಹಳ್ಳ ಹೇಮಾವತಿಗೆ, ಹೇಮಾವತಿ ಗೊರೂರು ಅಣೆಕಟ್ಟೆಗೆ. ಸುಡಲೂ ಬೇಡಿ, ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ. ಹೂಳಬೇಡಿ. ಡಬ್ಬ ತೊಳೆದು ನೀರು, ಅಕ್ಕಿ ತುಂಬುವುದಂತೂ ಬೇಡವೇ ಬೇಡ. ನಾನು ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಡಬ್ಬವನ್ನು ಹಾಗೇ ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಟ್ಟೆ. ಬಿಗಿಯಾಗಿ ಮುಚ್ಚಿ, ಮೇಲೆ ‘ವಿಷ, ಬಿಎಚ್‌ಸಿ’ ಅಂತ ದೊಡ್ಡದಾಗಿ ಬರೆದೆ. ಮುಂದೆ ಹೇಗೆ ಸಾಗಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಕೇಳಿದ್ದೇನೆ. ನೀವೂ ಕೇಳಿ.

ಡ್ರಮ್ ಮುಚ್ಚುವಾಗ ಪಕ್ಕದ ತೋಟದವರು ಬಂದರು. “ಸುಮ್ನೆ ಯಾಕಣ್ಣ ಇಡ್ತೀರಿ, ಇರುವೆಗೆ ಉದುರಿಸ್ತೀನಿ, ಕೊಡಿ” ಅಂದರು. ಕೂರಿಸಿ, ಕಾಫಿ ಕೊಟ್ಟು, ಇಷ್ಟನ್ನೂ ಹೇಳಿದೆ. ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಮ್ಮಲ್ಲೂ ಎರಡು ಚೀಲ ಇದೆ ಕಣಣ್ಣ” ಅಂದರು. ನಾಳೆ ಬೆಳಿಗ್ಗೆ ಇನ್ನೊಂದು ಡ್ರಮ್ ತಗೊಂಡು ಅಲ್ಲಿಗೆ ಹೋಗುತ್ತಿದ್ದೇನೆ. ನಮಸ್ಕಾರ.