ಹಳೆ ಫೋಟೋ ಕೆಂಪಾಗಿದೆಯಾ? ಮೊದಲು ನೆಲದ ಪರಸಿ ನೋಡಿ

[ಪರದೆ ಮೇಲೆ: ಕೆಂಪಾದ ಮದುವೆ ಫೋಟೋ, ನಿಧಾನಕ್ಕೆ ಹತ್ತಿರವಾಗುತ್ತದೆ]

ಇದು ನಮ್ಮ ಅವ್ವ-ಅಪ್ಪನ ಮದುವೆ ಫೋಟೋ. ಕಲಬುರಗಿ, 1981. ಅವ್ವ ಉಟ್ಟಿದ್ದು ಸಾಸಿವೆ ಬಣ್ಣದ ಸೀರೆ ಅಂತ ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಫೋಟೋದಲ್ಲಿ ಕಾಣುವುದೇ ಹಾಗೆ. ಹೋದ ತಿಂಗಳು ಇದನ್ನು ಸ್ಕ್ಯಾನ್ ಮಾಡಲು ಕೂತಾಗ ಅವ್ವ ಪಕ್ಕದಲ್ಲಿದ್ದಳು. "ಸಾಸಿವಿ ಬಣ್ಣ ಎಲ್ಲಿಂದ ಬಂತೋ? ಅದು ಗಿಣಿ ಹಸಿರು ಸೀರಿ" ಅಂದಳು.

ಹಾಗಾದರೆ ಆ ಹಸಿರು ಎಲ್ಲಿ ಹೋಯಿತು?

[ಪರದೆ ಮೇಲೆ: ಮೂರು ಬಣ್ಣದ ಹಾಳೆಗಳು ಒಂದರ ಮೇಲೊಂದು]

ಕಲರ್ ಫೋಟೋ ಕಾಗದದಲ್ಲಿ ಮೂರು ಬಣ್ಣದ ಪದರಗಳಿರುತ್ತವೆ. ಸಯಾನ್, ಮಜೆಂಟಾ, ಹಳದಿ. ಸಯಾನ್ ಅಂದರೆ ಹಸಿರು ಬೆರೆತ ತಿಳಿ ನೀಲಿ. ಮಜೆಂಟಾ ಅಂದರೆ ನೇರಳೆ ಬೆರೆತ ಗಾಢ ಗುಲಾಬಿ. ಸಯಾನ್‌ಗೆ ಹಳದಿ ಸೇರಿದರೆ ಹಸಿರು. ಆ ಕಾಲದ ಬಹಳಷ್ಟು ಕಾಗದಗಳಲ್ಲಿ, ಕತ್ತಲಲ್ಲಿ ಮುಚ್ಚಿಟ್ಟರೂ, ಮೊದಲು ಮಾಸುವುದು ಈ ಸಯಾನ್. ಆಮೇಲೆ ಉಳಿಯುವುದು ಮಜೆಂಟಾ ಮತ್ತು ಹಳದಿ. ಅವೆರಡೂ ಸೇರಿದರೆ ಕೆಂಪು. ಬಿಸಿಗೆ ಇದು ಇನ್ನೂ ಬೇಗ ಆಗುತ್ತದೆ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಪತ್ರಾಸಿನ ಕೆಳಗೆ, ಕಬ್ಬಿಣದ ಟ್ರಂಕಿನಲ್ಲಿ ಈ ಫೋಟೋ ಅಂಥ ನಲವತ್ತು ಬೇಸಿಗೆ ಕಳೆದಿದೆ.

ಆದರೆ ಸಯಾನ್ ಪೂರ್ತಿ ಹೋಗಿಲ್ಲ. ಸೀರೆ ಇರುವ ಜಾಗದಲ್ಲಿ ಒಂಚೂರು ಉಳಿದಿದೆ. ಆ ಒಂಚೂರನ್ನು ಹಿಗ್ಗಿಸಿ ಕಾಣುವ ಹಾಗೆ ಮಾಡುವುದೇ ನಮ್ಮ ಕೆಲಸ. ಹೊರಗಿನಿಂದ ಬಣ್ಣ ತಂದು ಹಚ್ಚುವ ಮಾತೇ ಇಲ್ಲ.

[ಪರದೆ ಮೇಲೆ: ಸ್ಕ್ಯಾನರ್ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸುವುದು]

ಮೊದಲು ಒಂದು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ್ದೆ. ಅಲ್ಲಿ ಆಟೋ ಕರೆಕ್ಷನ್ ಆನ್ ಇತ್ತು. ಮುಖಗಳೇನೋ ಹೊಳೆಯುತ್ತಿದ್ದವು, ಆದರೆ ಅಪ್ಪನ ಧೋತ್ರದ ನಿರಿಗೆ ಒಂದೂ ಉಳಿಯಲಿಲ್ಲ. ಬರೀ ಬಿಳಿ. ಹಾಗೆ ಅಳಿಸಿಹೋದದ್ದು ಆ ಫೈಲ್‌ನಿಂದ ಮತ್ತೆ ಬರುವುದಿಲ್ಲ. ಅದಕ್ಕೇ ಸ್ಕ್ಯಾನ್ ಮಾಡುವಾಗ ಆಟೋ ಕಲರ್, ಆಟೋ ಎಕ್ಸ್‌ಪೋಷರ್, ಶಾರ್ಪನಿಂಗ್ ಎಲ್ಲ ಆಫ್ ಮಾಡಿ. 600 ಡಿಪಿಐ (ಅಂದರೆ ಇಂಚಿಗೆ 600 ಚುಕ್ಕೆ), 48 ಬಿಟ್ ಕಲರ್, ಟಿಫ್ ಫೈಲ್. ಮಂಕಾಗಿ, ಕೆಂಪಾಗಿ ಬರುತ್ತದೆ, ಬರಲಿ. 4x6 ಇಂಚಿನ ಫೋಟೋಗೆ ಸುಮಾರು 52 ಎಂಬಿ ಆಗುತ್ತದೆ. ಜಾಸ್ತಿ ಅನ್ನಿಸಬಹುದು, ಆದರೆ ಅದು ಬೇಕು. ಸಾಮಾನ್ಯ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 48 ಬಿಟ್ ಅಂದರೆ ಒಂದೊಂದಕ್ಕೆ 65,536 ಮೆಟ್ಟಿಲು. ಉಳಿದ ಚೂರನ್ನು ಹಿಗ್ಗಿಸುವಾಗ ಮೆಟ್ಟಿಲು ಕಡಿಮೆ ಇದ್ದರೆ ಆಕಾಶ, ಗೋಡೆ ಎಲ್ಲ ಪಟ್ಟೆ ಪಟ್ಟೆಯಾಗುತ್ತದೆ.

ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆಯಾ? ದಯವಿಟ್ಟು ಕೀಳಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿ.

[ಪರದೆ ಮೇಲೆ: ಗಿಂಪ್, ಲೆವೆಲ್ಸ್ ಕಿಟಕಿ]

ಈಗ ಗಿಂಪ್ ತೆರೆಯೋಣ. ಇದು ಫೋಟೋ ತಿದ್ದುವ ಸಾಫ್ಟ್‌ವೇರ್, ಉಚಿತ. 2018ರಲ್ಲಿ ಬಂದ 2.10 ಅಥವಾ ಅದರ ನಂತರದ್ದು ಇರಲಿ, ಹಳೆಯದು ಇಷ್ಟು ಮೆಟ್ಟಿಲುಗಳನ್ನು ಉಳಿಸಿಕೊಳ್ಳುವುದಿಲ್ಲ. ಲೆವೆಲ್ಸ್‌ಗೆ ಹೋಗಿ ರೆಡ್ ಚಾನೆಲ್, ಅಂದರೆ ಫೋಟೋದ ಕೆಂಪು ಭಾಗವನ್ನು ಮಾತ್ರ, ಆರಿಸಿ. ಗುಡ್ಡದಂಥ ಚಿತ್ರ ಕಾಣುತ್ತದೆ, ಅಲ್ವಾ? ಗುಡ್ಡವೆಲ್ಲ ಬಲಗಡೆಗೇ ಸರಿದಿದೆ, ಎಡಗಡೆ ಬಟಾಬಯಲು. ಕೆಂಪನ್ನು ತಡೆಯುವುದು ಸಯಾನ್, ಅದು ಮಾಸಿದ್ದರ ಗುರುತು ಇದು. ಎಡಗಡೆಯ ಕಪ್ಪು ತ್ರಿಕೋನವನ್ನು ಗುಡ್ಡ ಶುರುವಾಗುವ ಜಾಗದವರೆಗೆ ಎಳೆಯಿರಿ. ನೋಡಿ, ಕೆಂಪು ಸರಿಯುತ್ತಿದೆ. ಗ್ರೀನ್, ಬ್ಲೂ ಚಾನೆಲ್‌ಗಳಿಗೂ ಹೀಗೇ ಮಾಡಿ. ಅವುಗಳಲ್ಲಿ ಕೆಲಸ ಕಡಿಮೆ.

ಇಷ್ಟಾದರೂ ಬಣ್ಣ ಪೂರ್ತಿ ಸರಿಯಾಗುವುದಿಲ್ಲ. ಇಲ್ಲಿ ಎಲ್ಲರೂ ಮುಖ ನೋಡಿ ಸರಿಮಾಡಲು ಹೋಗುತ್ತಾರೆ. ಮುಖ ನೋಡಬೇಡಿ. ಮುಖದ ಬಣ್ಣ ಹೇಗಿತ್ತು ಅನ್ನುವುದರಲ್ಲಿ ನಮ್ಮ ಆಸೆಯೂ ಸೇರಿಕೊಳ್ಳುತ್ತದೆ. ಕೆಳಗೆ ನೋಡಿ, ನೆಲ.

[ಪರದೆ ಮೇಲೆ: ಫೋಟೋದಲ್ಲಿರುವ ನೆಲ, ಪಕ್ಕದಲ್ಲಿ ಅದೇ ಮನೆಯ ಇವತ್ತಿನ ನೆಲ]

ಶಹಾಬಾದ್ ಪರಸಿ! ನಮ್ಮ ಜಿಲ್ಲೆಯ ಹಳೆ ಮನೆಗಳಲ್ಲಿ ಎಲ್ಲಿ ನೋಡಿದರೂ ಇದೇ ಕಲ್ಲು. ಬೂದು ಬಣ್ಣ. ಬಣ್ಣ ಸರಿಮಾಡುವವರಿಗೆ ಬೇಕಾಗಿರುವುದೇ ಬೂದು, ಯಾಕೆಂದರೆ ಅದರಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸರಿಸಮ ಇರಬೇಕು. ಲೆವೆಲ್ಸ್‌ನಲ್ಲಿ ಬೂದು ಆರಿಸುವ ಡ್ರಾಪರ್ ಇದೆ. ಅದನ್ನು ಪರಸಿಯ ಮೇಲೆ ಒತ್ತಿ. ಕೆಲವು ಕಲ್ಲುಗಳಿಗೆ ಸ್ವಲ್ಪ ನೀಲಿ ಛಾಯೆ, ಕೆಲವಕ್ಕೆ ಹಸಿರು ಛಾಯೆ ಇರುತ್ತದೆ. ಅದಕ್ಕೇ ಮೂರ್ನಾಲ್ಕು ಕಡೆ ಒತ್ತಿ ನೋಡಿ. ಆಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ಪಡಸಾಲೆಗೆ ಹೋಗಿ. ಫೋಟೋ ಮಾಸಿದೆ, ಆದರೆ ಕಲ್ಲು ಹಾಗೇ ಇದೆ. ನಾನು ನೆಲದ ಮೇಲೆ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಧೋತ್ರ, ಗಾಂಧಿ ಟೋಪಿ ಬಿಳಿಯಲ್ವಾ, ಅದರ ಮೇಲೆ ಒತ್ತಬಾರದಾ ಅಂತ ನೀವು ಕೇಳಬಹುದು. ಆಗ ಬಿಳಿ ಬಟ್ಟೆಗೆ ನೀಲಿ ಹಾಕಿ ಒಗೆಯುತ್ತಿದ್ದರು. ಮದುವೆಗಂತೂ ಕೈ ತುಂಬ ಹಾಕಿರುತ್ತಾರೆ. ಆ ಬಟ್ಟೆಯನ್ನು ಬೂದು ಅಂದುಕೊಂಡು ಒತ್ತಿದರೆ ಫೋಟೋ ಪೂರ್ತಿ ಹಳದಿಗೆ ತಿರುಗುತ್ತದೆ. ಸುಣ್ಣದ ಗೋಡೆಯನ್ನೂ ನಂಬಬೇಡಿ, ಅದಕ್ಕೂ ನೀಲಿ ಬೆರೆಸುತ್ತಿದ್ದರು. ಬೀದರ್ ಕಡೆಯವರ ಫೋಟೋದಲ್ಲಿ ಬಿದರಿ ಹೂದಾನಿ ಇದ್ದರೆ ನಿಮ್ಮ ಅದೃಷ್ಟ. ಅದರ ಮೈ ಗಾಢ ಕಪ್ಪು. ಅದು ಕಂದು ಕಾಣುತ್ತಿದ್ದರೆ ರೆಡ್ ಚಾನೆಲ್ ಇನ್ನೂ ಸರಿಯಾಗಿಲ್ಲ.

[ಪರದೆ ಮೇಲೆ: ಮೊದಲು, ಆಮೇಲೆ. ಸೀರೆ ಹತ್ತಿರದಿಂದ]

ಇಗೋ, ಹಸಿರು ಬಂತು. ನಾನು ಸೀರೆಯನ್ನು ಮುಟ್ಟಲೇ ಇಲ್ಲ. ನೆಲ ಸರಿಯಾಯಿತು, ಸೀರೆ ತಾನಾಗಿ ಹಸಿರಾಯಿತು. ಕೈಯಲ್ಲಿದ್ದ ಬಳೆಗಳೂ ಹಸಿರೇ ಅಂತ ಈಗ ಗೊತ್ತಾಯಿತು.

ಎಪ್ಸನ್ ಸ್ಕ್ಯಾನರ್‌ಗಳಲ್ಲಿ ಕಲರ್ ರೆಸ್ಟೋರೇಶನ್ ಅಂತ ಆಯ್ಕೆ ಸಿಗುತ್ತದೆ. ಇನ್ನೂರು ಫೋಟೋ ಇದ್ದರೆ ಅದನ್ನು ಬಳಸಿ, ತಪ್ಪಿಲ್ಲ. ತೀರಾ ಹತ್ತಿರದ ಹತ್ತು ಫೋಟೋಗಳನ್ನು ಮಾತ್ರ ಕೈಯಾರೆ ಮಾಡಿ. ಎಐ ಆ್ಯಪ್‌ಗಳಿಗೆ ಕೊಡುವುದು ನನಗೆ ಇಷ್ಟವಿಲ್ಲ. ಅವು ಸೀರೆ ಯಾವ ಬಣ್ಣ ಇದ್ದಿರಬಹುದು ಅಂತ ಊಹಿಸುತ್ತವೆ, ಮುಖವನ್ನೂ ತಿದ್ದಿಬಿಡುತ್ತವೆ. ಬಿಸಿಲಲ್ಲಿ ಹೊಲ ಮಾಡಿದ ನಮ್ಮ ಮುತ್ಯಾನ ಕಪ್ಪು ಮೈಬಣ್ಣ ನನಗೆ ಹಾಗೇ ಬೇಕು.

[ಪರದೆ ಮೇಲೆ: ಫೋಟೋ ತಿರುಗಿಸುವ ಕೈ]

ಇನ್ನೊಂದು ಮಾತು. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಅದನ್ನೂ ಕಲರ್‌ನಲ್ಲೇ. ನಮ್ಮ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಗ ಶಾಲೆಗೆ ಹೋದ ಹಿರಿಯರಲ್ಲಿ ಬಹಳ ಜನ ಓದಿದ್ದು ಉರ್ದುವಿನಲ್ಲಿ. ಮುತ್ಯಾ ಈ ಫೋಟೋದ ಹಿಂದೆ ನೀಲಿ ಮಸಿಯಲ್ಲಿ ಉರ್ದುವಿನಲ್ಲೇ ಏನೋ ಬರೆದಿದ್ದರು. ಕಣ್ಣಿಗೆ ಕಾಣದಷ್ಟು ಮಾಸಿತ್ತು. ನೀಲಿ ಮಸಿ ರೆಡ್ ಚಾನೆಲ್‌ನಲ್ಲಿ ಚೆನ್ನಾಗಿ ಕಪ್ಪಾಗಿ ಕಾಣುತ್ತದೆ. ಅದೊಂದನ್ನೇ ತೆಗೆದು, ತ್ರಿಕೋನ ಎಳೆದು, ಪ್ರಿಂಟ್ ಹಾಕಿಸಿ ಪಕ್ಕದ ಮನೆಯ ಚಾಚಾಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮದುವೆಯ ತಾರೀಖು, ಆಮೇಲೆ ಎಡದಿಂದ ಬಲಕ್ಕೆ ನಿಂತವರ ಹೆಸರು. ಒಟ್ಟು ಹನ್ನೊಂದು ಜನ. ಅವರಲ್ಲಿ ಇಬ್ಬರ ಹೆಸರು ಅವ್ವನಿಗೂ ಮರೆತುಹೋಗಿತ್ತು.