ಶ್ವಾಸಕೋಶ ಇಲ್ಲ, ಕಿವಿರೂ ಇಲ್ಲ: ಜೆಲ್ಲಿಫಿಶ್ ಉಸಿರಾಡೋದು ಹೇಗೆ?

[ದೃಶ್ಯ: ನೀಲಿ ನೀರಲ್ಲಿ ಮೂನ್ ಜೆಲ್ಲಿಫಿಶ್. ಕೊಡೆ ಮುಚ್ಚಿ ತೆರೆಯುತ್ತಿದೆ]

ನಮಸ್ಕಾರ. ಈ ಪ್ರಾಣಿಗೆ ಶ್ವಾಸಕೋಶ ಇಲ್ಲ, ಕಿವಿರಿಲ್ಲ. ಹೃದಯ, ರಕ್ತ ಕೂಡ ಇಲ್ಲ. ಆಮ್ಲಜನಕ ಮಾತ್ರ ಬೇಕೇ ಬೇಕು.

"ಚರ್ಮದಿಂದ ಉಸಿರಾಡುತ್ತೆ" ಅಂತ ಹೇಳಿ ಮುಗಿಸಿಬಿಡಬಹುದು. ಆ ಉತ್ತರಕ್ಕೆ ನಾನು ಅರ್ಧ ಮಾರ್ಕು ಕೊಡ್ತೀನಿ, ಅಷ್ಟೇ. ಚರ್ಮ ನಮಗೂ ಇದೆಯಲ್ಲ, ನಮಗ್ಯಾಕೆ ಅದು ಸಾಲಲ್ಲ?

[ಗ್ರಾಫಿಕ್ಸ್: ನೀರಿನಿಂದ ಜೀವಕೋಶದೊಳಕ್ಕೆ ಸರಿಯುವ ಚುಕ್ಕೆಗಳು]

ಎಲ್ಲಾ ಇರೋದು ದೂರದ ಲೆಕ್ಕದಲ್ಲಿ. ಆಮ್ಲಜನಕ ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ತಾನಾಗೇ ಹರಡುತ್ತೆ. ಶಾಲೆಯಲ್ಲಿ ವಿಸರಣೆ ಅಂತ ಓದಿರ್ತೀರಿ. ಯಾರೂ ತಳ್ಳಬೇಕಿಲ್ಲ, ಪೂರ್ತಿ ಪುಕ್ಕಟೆ. ಆದರೆ ಮಹಾ ನಿಧಾನ. ನಿಂತ ನೀರಲ್ಲಿ 1 ಮಿಲಿಮೀಟರ್ ಸಾಗೋಕೆ ಸುಮಾರು ನಾಲ್ಕು ನಿಮಿಷ ಬೇಕು. 1 ಸೆಂಟಿಮೀಟರ್‌ಗೆ? ನಲವತ್ತು ನಿಮಿಷ ಅಲ್ಲ, ಏಳು ಗಂಟೆ! ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತೆ.

1920ರಲ್ಲಿ ನೊಬೆಲ್ ಪಡೆದ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಇದನ್ನೇ ಲೆಕ್ಕ ಹಾಕಿದ್ದರು. ಗುಂಡಗಿರೋ ಜೀವಿ ಬರೀ ವಿಸರಣೆಯನ್ನೇ ನಂಬಿ ಬದುಕಬೇಕಾದರೆ, ಅದರ ಅಗಲ ಹೆಚ್ಚುಕಮ್ಮಿ 1 ಮಿಲಿಮೀಟರ್ ಒಳಗೇ ಇರಬೇಕು.

ಚಪ್ಪಟೆ ಹುಳುಗಳು ಗುಂಡಗಾಗೋ ಗೋಜಿಗೇ ಹೋಗಲಿಲ್ಲ. ನೀರುದೋಸೆಯ ಹಾಗೆ ತೆಳ್ಳಗೆ ಉಳಿದುಬಿಟ್ಟವು.

[ದೃಶ್ಯ: ಲಯನ್ಸ್ ಮೇನ್ ಜೆಲ್ಲಿಫಿಶ್, ಪಕ್ಕದಲ್ಲಿ ಡೈವರ್]

ಈಗ ಇದನ್ನ ನೋಡಿ. ಉತ್ತರದ ತಣ್ಣನೆ ಕಡಲಿನ ಲಯನ್ಸ್ ಮೇನ್. ಇದರ ಕೊಡೆ ಎರಡು ಮೀಟರ್ ದಾಟಬಹುದು. ಕ್ರೋಗ್ ಲೆಕ್ಕ ತಪ್ಪಾಯ್ತಾ?

ಇಲ್ಲ. ಕೊಡೆಯನ್ನ ಅಡ್ಡ ಕತ್ತರಿಸಿದರೆ ಹೊರಗೊಂದು, ಒಳಗೊಂದು ತೆಳು ಜೀವಕೋಶದ ಪದರ. ನಡುವೆ ಇರೋದೆಲ್ಲ ಲೋಳೆ. ಅದರಲ್ಲಿ ಹೆಚ್ಚುಪಾಲು ನೀರು, ಜೀವಕೋಶಗಳು ತೀರಾ ಕಡಿಮೆ. ಮೈ ಎಷ್ಟೇ ದೊಡ್ಡದಾದರೂ ಉಣ್ಣೋ ಬಾಯಿಗಳು ಕಡಿಮೆ, ಇರೋವೂ ನೀರಿನ ಪಕ್ಕದಲ್ಲೇ ಕೂತಿವೆ. ಹೊರಪದರಕ್ಕೆ ಕಡಲ ನೀರು ನೇರವಾಗಿ ತಾಗುತ್ತೆ. ಒಳಪದರಕ್ಕೆ ಹೊಟ್ಟೆ ಮತ್ತು ಅಲ್ಲಿಂದ ಕವಲೊಡೆದ ನಾಳಗಳಲ್ಲಿ ಹರಿಯೋ ನೀರು. ಕೊಡೆ ಬಡಿದಾಗಲೆಲ್ಲ ಮೈಗೆ ಅಂಟಿದ ಹಳೇ ನೀರು ಸರಿದು ಹೊಸ ನೀರು ಬರುತ್ತೆ. ಈಜು, ಊಟ, ಉಸಿರು, ಮೂರಕ್ಕೂ ಒಂದೇ ಬಡಿತ.

ಲೋಳೆ ದಂಡದ ತೂಕವೂ ಅಲ್ಲ. ಅದರಲ್ಲಿ ಸ್ವಲ್ಪ ಆಮ್ಲಜನಕ ಕರಗಿ ಉಳಿದಿರುತ್ತೆ. ನೀರಲ್ಲಿ ಆಮ್ಲಜನಕ ಕುಸಿದಾಗ ಕೆಲವು ಜೆಲ್ಲಿಫಿಶ್‌ಗಳು ಆ ಉಳಿತಾಯದಲ್ಲೇ ಒಂದಷ್ಟು ಹೊತ್ತು ತಳ್ತವೆ. ನಮ್ಮ ಪಶ್ಚಿಮ ಕರಾವಳಿಯ ಎದುರಿನ ಅರಬ್ಬಿ ಸಮುದ್ರದಲ್ಲೂ ಮಳೆಗಾಲದ ಕೊನೆಯ ಹೊತ್ತಿಗೆ ಆಮ್ಲಜನಕ ಕಡಿಮೆ ಇರೋ ಆಳದ ನೀರು ದಡದ ಕಡೆ ಏರಿ ಬರುತ್ತೆ. ಮೀನುಗಳಿಗೆ ಅಲ್ಲಿ ಉಸಿರುಗಟ್ಟುತ್ತೆ.

[ದೃಶ್ಯ: ಸೀ ಅನಿಮೋನ್, ನಂತರ ಸ್ಪಂಜು]

ಬಂಡೆಗೆ ಅಂಟಿರೋ ಸೀ ಅನಿಮೋನ್ ಬಾಯಿಂದಲೇ ನೀರು ಎಳ್ಕೊಂಡು ಟೊಳ್ಳು ಹೊಟ್ಟೆ ತುಂಬಿಸುತ್ತೆ. ಕೆಲವದರ ಮೈಯೊಳಗೆ ಪಾಚಿ ವಾಸ ಇರುತ್ತೆ, ಹಗಲಲ್ಲಿ ಆಮ್ಲಜನಕ ಮನೆಯಲ್ಲೇ ತಯಾರು. ಸ್ಪಂಜಿನ ಮೈತುಂಬ ತೂತು. ಒಳಗಿನ ಜೀವಕೋಶಗಳು ಪುಟ್ಟ ಚಾವಟಿ ಬೀಸಿ ದಿನವಿಡೀ ನೀರು ಹರಿಸ್ತಾನೇ ಇರ್ತವೆ.

[ದೃಶ್ಯ: ಸೂಕ್ಷ್ಮದರ್ಶಕದಲ್ಲಿ ಎರಡು ಬಾಲದ ಪುಟ್ಟ ಜೀವಿ]

ಕೊನೆಗೆ ಜೆಲ್ಲಿಫಿಶ್‌ನ ಒಬ್ಬ ವಿಚಿತ್ರ ನೆಂಟ: ಹೆನೆಗುಯಾ ಸಾಲ್ಮಿನಿಕೋಲ. ಸಾಲ್ಮನ್ ಮೀನಿನ ಮಾಂಸದೊಳಗೆ ಬದುಕೋ ಪರಾವಲಂಬಿ. ಆಮ್ಲಜನಕ ಬಳಸೋಕೆ ಮೈಟೋಕಾಂಡ್ರಿಯ, ಅಂದರೆ ಜೀವಕೋಶದೊಳಗಿನ ಶಕ್ತಿ ಕೇಂದ್ರದ ಡಿಎನ್ಎ ಬೇಕಲ್ಲ, ಇದರಲ್ಲಿ ಅದೇ ಇಲ್ಲ ಅಂತ 2020ರಲ್ಲಿ ಗೊತ್ತಾಯ್ತು. ಇದು ಉಸಿರಾಡೋದನ್ನೇ ಬಿಟ್ಟಿದೆ.